ರಾಮಟಂಕಿ

ನಿಮ್ಮ ಮನೆಯ ದೇವರ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಿ. ಸಾಲಿಗ್ರಾಮದ ಭರಣಿಯ ಪಕ್ಕದಲ್ಲಿ, ಕುಂಕುಮ ಮೆತ್ತಿಕೊಂಡ ರೂಪಾಯಿಯಗಲದ ಬಿಲ್ಲೆಯೊಂದು ಇದ್ದೀತು. ಒಂದು ಮಗ್ಗುಲಲ್ಲಿ ಪಟ್ಟಾಭಿಷೇಕದ ಸೀತಾರಾಮರು, ಸುತ್ತ ಪರಿವಾರ. ಮತ್ತೊಂದು ಮಗ್ಗುಲಲ್ಲಿ ಬಿಲ್ಲು ಹಿಡಿದು ಹೊರಟ ರಾಮಲಕ್ಷ್ಮಣರು. ಇದೇ ರಾಮಟಂಕಿ. ಟಂಕವೆಂದರೆ ಅಚ್ಚೊತ್ತಿದ ನಾಣ್ಯ. ಅದು ಹುಟ್ಟುವ ಸ್ಥಳ ಟಂಕಸಾಲೆ.

ನಮ್ಮ ಮನೆಯಲ್ಲಿಯೂ ಒಂದುಂಟು. ಅಜ್ಜಿ ಅದನ್ನು ಶ್ರೀರಾಮನವಮಿಯ ದಿನ ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿ, “ಇದು ರಾಯರ ಕಾಲದ್ದು ಕಣೋ ಮಗು” ಎನ್ನುತ್ತಿದ್ದಳು. ನಾನು ನಂಬಿದೆ. ಉಪಾಧ್ಯಾಯನಾದ ಮೇಲೆ ಕೃಷ್ಣದೇವರಾಯನ ಪಾಠದ ದಿನ ಅದನ್ನು ತರಗತಿಗೆ ಒಯ್ದು, ಮಕ್ಕಳ ಕೈಯಿಂದ ಕೈಗೆ ದಾಟಿಸಿ, ವಿಜಯನಗರದ ವೈಭವವನ್ನು ವರ್ಣಿಸಿದ್ದೂ ಉಂಟು.

ವರ್ಷಗಳು ಕಳೆದವು. ಆ ತರಗತಿಯ ಹುಡುಗನೊಬ್ಬ, ಈಗ ಸಂಸಾರಸ್ಥ, ಒಂದು ಸಂಜೆ ಬಂದು ಕರವಸ್ತ್ರದ ಗಂಟು ಬಿಚ್ಚಿದ. ಒಳಗೆ ಮೂರು ರಾಮಟಂಕಿ. ತಂಗಿಯ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಅರ್ಧವನ್ನು ಜಾತ್ರೆಯ ವ್ಯಾಪಾರಿಯೊಬ್ಬನಿಗೆ ಕೊಟ್ಟು ಕೊಂಡಿದ್ದ. “ಮೇಷ್ಟ್ರೆ, ನೀವು ತೋರಿಸಿದ್ದಂಥದೇ. ಪಟ್ಟಣದಲ್ಲಿ ಲಕ್ಷಕ್ಕೆ ಹೋಗುತ್ತದಂತೆ” ಎಂದ. ಅಷ್ಟು ಹೊತ್ತಿಗೆ ನಾನು ನಾಲ್ಕಾರು ಪುಸ್ತಕ ಓದಿ ತಿದ್ದಿಕೊಂಡಿದ್ದೆ. ಆದರೆ ತಿದ್ದಿಕೊಂಡದ್ದನ್ನು ಆ ಮಕ್ಕಳಿಗೆ ಹೇಳಿರಲಿಲ್ಲ. ಅಂದು ಆಗಿದ್ದ ನಾಚಿಕೆಯೇ ಇಂದು ಈ ಲೇಖನವನ್ನು ಬರೆಸುತ್ತಿದೆ.

ವಿಜಯನಗರದ ನಿಜವಾದ ವರಹ ಹೇಗಿತ್ತು? ಚಿನ್ನದ್ದು, ತೂಕ ಸುಮಾರು 3.4 ಗ್ರಾಂ, ಕಿರುಬೆರಳ ಉಗುರಿಗಿಂತ ಬಹಳ ದೊಡ್ಡದಲ್ಲ. ಅರವೀಡು ವಂಶದ ತಿರುಮಲರಾಯನ ವರಹದ ಮೇಲೆ ಕುಳಿತ ಸೀತಾರಾಮರೂ ನಿಂತ ಲಕ್ಷ್ಮಣನೂ ಇರುವುದು ದಿಟ. ಹಿಂಬದಿಯಲ್ಲಿ ರಾಜನ ಹೆಸರು ನಾಗರಿ ಲಿಪಿಯಲ್ಲಿದೆ. ರಾಮಟಂಕಿಯಲ್ಲಿಯೋ ರಾಜನ ಹೆಸರಿಲ್ಲ. ಅದು ಪೇಟೆಯಲ್ಲಿ ಚಲಾವಣೆಯಾಗಲು ಹುಟ್ಟಿದ ನಾಣ್ಯವಲ್ಲ. ಯಾತ್ರಿಕರು ಕೊಂಡು ತಂದು ಪೂಜಿಸುತ್ತಿದ್ದ ಸ್ಮಾರಕ ಮುದ್ರೆ. ಚಿನ್ನ, ಬೆಳ್ಳಿ, ಹಿತ್ತಾಳೆಗಳಲ್ಲಿ ಬೇಕಾದಷ್ಟು ಮಾಡಿದ್ದಾರೆ. ಕೆಲವಕ್ಕೆ ಸುಳ್ಳು ಸಂವತ್ಸರದ ಅಂಕಿಯನ್ನೂ ಕೆತ್ತಿದ್ದಾರೆ.

ನಾಣ್ಯದ ಮೇಲಿನ ದೇವರು ಭಕ್ತಿಯನ್ನು ಮಾತ್ರವಲ್ಲ, ರಾಜಕೀಯವನ್ನೂ ಹೇಳುವುದುಂಟು. ಇಕ್ಕೇರಿಯ ವರಹದ ಮೇಲೆ ಶಿವಪಾರ್ವತಿಯರಿದ್ದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಲಿ ಆ ಮೂರ್ತಿಗಳನ್ನು ಅಳಿಸಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಫಾರಸಿ ಅಕ್ಷರವನ್ನಿಟ್ಟು ಮುಂದುವರಿಸಿದ. ಜನ ನೆಚ್ಚಿದ ನಾಣ್ಯವನ್ನು ಕೆಡಿಸಿದರೆ ವ್ಯಾಪಾರ ಕೆಟ್ಟೀತೆಂಬುದು ಆಳುವವರಿಗೆ ತಿಳಿದಿತ್ತು. ಮದರಾಸಿನಲ್ಲಿ ಇಂಗ್ಲಿಷ್ ಕಂಪೆನಿಯೂ ವರಹದ ಮೇಲೆ ವಿಷ್ಣುವನ್ನು ಅಚ್ಚೊತ್ತಿಸಿತು.

ಈ ಸತ್ಯದ ನೆರಳಿನಲ್ಲಿಯೇ ಮೋಸ ಬೆಳೆಯುತ್ತದೆ. ಒಂದು ಬದಿ ಹನುಮಂತ ಅಥವಾ ರಾಮಪಟ್ಟಾಭಿಷೇಕ, ಇನ್ನೊಂದು ಬದಿ ‘ಈಸ್ಟ್ ಇಂಡಿಯಾ ಕಂಪೆನಿ, 1818’ ಎಂದಿರುವ ಬಿಲ್ಲೆಗಳನ್ನು ನೀವೂ ಕಂಡಿರಬಹುದು. ಅವು ಕಂಪೆನಿಯ ಯಾವ ಟಂಕಸಾಲೆಯಲ್ಲಿಯೂ ಹುಟ್ಟಿದವಲ್ಲ. ಬಹುಕಾಲದ ಮೇಲೆ ಮಾರಾಟಕ್ಕೆಂದೇ ಮಾಡಿದವು. ಅಂಥವು ಅಕ್ಕಿಯ ಕಾಳನ್ನು ಸೆಳೆಯುತ್ತವೆಂದು ಹೇಳಿ, ಕೈಚಳಕ ತೋರಿಸಿ, ಮನೆಮಠ ಕಳೆದವರೂ ಇದ್ದಾರೆ. ನಾಣ್ಯ ಅಕ್ಕಿಯನ್ನು ಸೆಳೆಯದು. ಆಸೆ ಮನುಷ್ಯನನ್ನು ಸೆಳೆಯುತ್ತದೆ.

ಹಾಗೆಂದು ಸಂಗ್ರಹದ ಹವ್ಯಾಸ ಬಿಡಬೇಕೆ? ಬೇಡ. ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯ 1964ರಲ್ಲಿ ನೆಹರೂ ಅವರ ನೆನಪಿಗೆ ಹೊರಟಿತು. 1969ರಲ್ಲಿ ಗಾಂಧೀಜಿಯವರ ಶತಮಾನೋತ್ಸವಕ್ಕೆ 10 ರೂಪಾಯಿಯ ಬೆಳ್ಳಿ ನಾಣ್ಯ ಬಂತು. ಇಂಥವುಗಳಿಂದ ಮಕ್ಕಳು ಮೊದಲು ಮಾಡಲಿ. ನಾಣ್ಯವನ್ನು ತೂಗಿ ನೋಡಿ, ಅಳೆದು ನೋಡಿ, ವಸ್ತುಸಂಗ್ರಹಾಲಯದ ನಾಣ್ಯಗಳ ಜೊತೆ ಹೋಲಿಸಿ. ಹುಣಿಸೆಹಣ್ಣು, ಬೂದಿಗಳಿಂದ ತಿಕ್ಕಬೇಡಿ; ಅಕ್ಷರ ಸವೆದರೆ ಸಾಕ್ಷಿಯೇ ಸತ್ತಂತೆ. ಯಾರಿಂದ, ಎಲ್ಲಿಂದ, ಯಾವಾಗ ಬಂದಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.

ಆ ಹುಡುಗನ ಹಣ ಮರಳಿ ಬರಲಿಲ್ಲ. ವ್ಯಾಪಾರಿ ಜಾತ್ರೆಯೊಡನೆ ಹೋಗಿದ್ದ. ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ನನ್ನಿಂದಾದಷ್ಟನ್ನು ನಾನೂ ಕೊಟ್ಟೆ.

ಅಜ್ಜಿಯ ರಾಮಟಂಕಿ ಇಂದಿಗೂ ಪೆಟ್ಟಿಗೆಯಲ್ಲಿದೆ. ಪೂಜೆ ನಿಂತಿಲ್ಲ. ಅದರ ಕೆಳಗೊಂದು ಚೀಟಿ ಇಟ್ಟಿದ್ದೇನೆ: “ರಾಯರ ಕಾಲದ್ದಲ್ಲ. ಅಜ್ಜಿಯ ತಂದೆ ಯಾತ್ರೆಯಿಂದ ತಂದದ್ದು.” ಗಾಡಿ ಕಟ್ಟಿಕೊಂಡು ಹೋಗಿ ಕ್ಷೇಮವಾಗಿ ಮರಳಿದ ಒಬ್ಬ ಗೃಹಸ್ಥನ ನೆನಪು ಅದು. ಅದೂ ಚರಿತ್ರೆಯೇ. ಪ್ರತಿವರ್ಷ ಕೃಷ್ಣದೇವರಾಯನ ಪಾಠ ಬಂದಾಗ ಅದನ್ನು ಈಗಲೂ ತರಗತಿಗೆ ಒಯ್ಯುತ್ತೇನೆ. ಮೊದಲು ಚೀಟಿಯನ್ನು ಓದಿಸಿ, ಆಮೇಲೆ ಬಿಲ್ಲೆಯನ್ನು ಮಕ್ಕಳ ಕೈಗೆ ಕೊಡುತ್ತೇನೆ.