ಸಾಮಾಜಿ ಹಸಾಜಿ ಕಟ್ಟಿಸಿದ ‘ಹಳೆಯ ಮಸೀದಿ’

ಮುಂಬೈಯ ಮಾಂಡ್ವಿ ಪ್ರದೇಶದಲ್ಲಿ ಸ್ಯಾಮ್ಯುಯೆಲ್ ಸ್ಟ್ರೀಟ್ ಎಂಬ ಬೀದಿಯಿದೆ. ಅಲ್ಲಿರುವ ಯಹೂದಿ ಆರಾಧನಾಲಯವನ್ನು ಜನರು ‘ಜುನಿ ಮಸ್ಜಿದ್’, ಅಂದರೆ ಹಳೆಯ ಮಸೀದಿ ಎಂದು ಕರೆಯುತ್ತಾ ಬಂದಿದ್ದಾರೆ. 1796ರಲ್ಲಿ ಅದನ್ನು ಸ್ಥಾಪಿಸಿದವರು ಧರ್ಮಪಂಡಿತರಲ್ಲ, ಓರ್ವ ಸೈನಿಕ. ಅವರು ಸ್ಯಾಮ್ಯುಯೆಲ್ ಎಝೆಕಿಯೇಲ್ ದಿವೇಕರ್. ಸ್ವಜನರ ಬಾಯಲ್ಲಿ ಸಾಮಾಜಿ ಹಸಾಜಿ.

ದಿವೇಕರರು ‘ಬೆನೆ ಇಸ್ರಾಯೀಲ್’ ಸಮುದಾಯದವರು. ಕೊಂಕಣ ಕರಾವಳಿಯ ಹಳ್ಳಿಗಳಲ್ಲಿ ಗಾಣದ ಎಣ್ಣೆ ತೆಗೆದು ಬದುಕುತ್ತಿದ್ದ ಈ ಜನರು ಶನಿವಾರ ಗಾಣ ಮುಟ್ಟುತ್ತಿರಲಿಲ್ಲ. ಆದ್ದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’ ಎಂದರು. ಮಾತು ಮರಾಠಿ, ಹೀಬ್ರೂ ಬಹುತೇಕ ಮರೆತುಹೋಗಿತ್ತು. ಸುನ್ನತ್ ಕರ್ಮ, ಆಹಾರದ ನಿಯಮಗಳು, ಸಬ್ಬತ್ ದಿನದ ವಿಶ್ರಾಂತಿ, ದೇವನ ಏಕತ್ವವನ್ನು ಸಾರುವ ‘ಶೆಮಾ’ ಎಂಬ ವಚನ, ಇವು ಅವರಲ್ಲಿ ಉಳಿದಿದ್ದವು. ಮದುವೆ ಮುಂತಾದ ಕಾರ್ಯಗಳನ್ನು ನಡೆಸಿಕೊಡುತ್ತಿದ್ದವರನ್ನು ಅವರು ಕರೆಯುತ್ತಿದ್ದುದು ‘ಕಾಜಿ’ ಎಂದೇ. ಆದರೆ ಮುಂಬೈಯಲ್ಲಿ ಒಟ್ಟುಗೂಡಿ ಪ್ರಾರ್ಥಿಸಲು ಅವರಿಗೊಂದು ಆಲಯವಿರಲಿಲ್ಲ.

ಈಸ್ಟ್ ಇಂಡಿಯಾ ಕಂಪೆನಿಯ ಸೇನೆಯಲ್ಲಿದ್ದ ದಿವೇಕರರು ಎರಡನೇ ಮೈಸೂರು ಯುದ್ಧದಲ್ಲಿ (1780–84) ಟಿಪ್ಪು ಸುಲ್ತಾನರ ಕೈಸೆರೆಯಾದರು. ಮುಂದಿನ ಘಟನೆಯನ್ನು ಬೆನೆ ಇಸ್ರಾಯೀಲರು ತಲೆಮಾರುಗಳಿಂದ ಹೇಳುತ್ತಾ ಬಂದಿದ್ದಾರೆ. ಕೈದಿಗಳನ್ನು ಅವರ ಜಾತಿ ಯಾವುದೆಂದು ವಿಚಾರಿಸಲಾಯಿತು. ತಾವು ಬೆನೆ ಇಸ್ರಾಯೀಲರೆಂದು ಅವರು ಉತ್ತರಿಸಿದರು. ಆ ಹೆಸರು ಸುಲ್ತಾನರ ತಾಯಿಯ ಕಿವಿಗೆ ಬಿತ್ತು. ಪವಿತ್ರ ಕುರ್‌ಆನ್‌ನಲ್ಲಿ ಪದೇ ಪದೇ ಬರುವ ಬನೂ ಇಸ್ರಾಯೀಲರನ್ನು ಆಕೆ ಓದಿ ಕೇಳಿ ಬಲ್ಲವರೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಆಕೆ ಮಗನಲ್ಲಿ ಬೇಡಿಕೊಂಡು ಅವರ ಪ್ರಾಣ ಉಳಿಸಿದರು.

ಇದು ಸಮುದಾಯದ ನೆನಪು, ದರ್ಬಾರಿನ ದಾಖಲೆಯಲ್ಲ. ಹಾಯಿಮ್ ಸ್ಯಾಮ್ಯುಯೆಲ್ ಕೆಹಿಮ್ಕರ್ ತಮ್ಮ ಸಮುದಾಯದ ಇತಿಹಾಸದಲ್ಲಿ ಇದನ್ನು ಬರೆದಿಟ್ಟದ್ದು ಒಂದು ಶತಮಾನದ ಬಳಿಕ. ಆದರೆ ಗಮನಿಸಬೇಕಾದ ಅಂಶವೊಂದಿದೆ. ಸುಲ್ತಾನರ ವಿರುದ್ಧ ಹೋರಾಡಿ ಸೆರೆಯಾದವರ ವಂಶಜರು ಈ ಕಥೆಯನ್ನು ಕಹಿಯಿಂದಲ್ಲ, ಕೃತಜ್ಞತೆಯಿಂದ ಕಾಪಾಡಿಕೊಂಡರು. ತಮ್ಮ ನೆನಪಿನಲ್ಲಿ ಓರ್ವ ಮುಸ್ಲಿಮ್ ತಾಯಿಗೆ ಗೌರವದ ಸ್ಥಾನವಿತ್ತರು. ಯಾವ ಸರಕಾರಿ ಕಾಗದಕ್ಕಿಂತಲೂ ಇದು ನನಗೆ ಹೆಚ್ಚು ತೂಕದ ಸಾಕ್ಷ್ಯವಾಗಿ ತೋರುತ್ತದೆ.

ಜೀವಂತವಾಗಿ ಮರಳಿದರೆ ದೇವನಿಗೊಂದು ಆಲಯ ಕಟ್ಟಿಸುವೆನೆಂದು ದಿವೇಕರರು ಸೆರೆಯಲ್ಲಿ ಹರಕೆ ಹೊತ್ತಿದ್ದರೆಂದು ಪ್ರತೀತಿ. ಆಪತ್ತಿನಲ್ಲಿ ಹೊತ್ತ ಹರಕೆ ಬಿಡುಗಡೆಯಾದೊಡನೆ ಮರೆತುಹೋಗುವುದು ಮನುಷ್ಯ ಸಹಜ. ಕುರ್‌ಆನ್ ಕೂಡ ಕಡಲಿನ ಬಿರುಗಾಳಿಯಲ್ಲಿ ಮೊರೆಯಿಟ್ಟು ದಡ ಸೇರಿದೊಡನೆ ವಿಮುಖರಾಗುವವರ ಚಿತ್ರವನ್ನು ಮುಂದಿಡುತ್ತದೆ. ದಿವೇಕರರು ಮರೆಯಲಿಲ್ಲ. ಬಿಡುಗಡೆಗೊಂಡು ಸುಮಾರು ಹನ್ನೆರಡು ವರ್ಷಗಳ ನಂತರ, ಇಳಿವಯಸ್ಸಿನಲ್ಲಿ, ಮುಂಬೈಯ ಪ್ರಥಮ ಯಹೂದಿ ಆರಾಧನಾಲಯವನ್ನು ಕಟ್ಟಿಸಿದರು. ಅದಕ್ಕಿರುವ ಹೆಸರು ‘ಶಾಅರ್ ಹಾರಹಮೀಮ್’, ಕರುಣೆಯ ಬಾಗಿಲು. ‘ರಹ್ಮತ್’, ‘ರಹೀಮ್’ ಪದಗಳನ್ನು ದಿನವೂ ಉಚ್ಚರಿಸುವ ನಮಗೆ ಆ ಹೀಬ್ರೂ ಪದದ ಬೇರನ್ನು ವಿವರಿಸಬೇಕಾಗಿಲ್ಲ.

ಕಟ್ಟಡವೇನೋ ಎದ್ದಿತು. ಆದರೆ ಅದರೊಳಗೆ ಓದಲು ತೌರಾತ್‌ನ ಸುರುಳಿ ಬೇಕಲ್ಲವೇ? ಅದನ್ನು ಚರ್ಮದ ಹಾಳೆಯ ಮೇಲೆ ಕೈಯಿಂದಲೇ ಬರೆಯಬೇಕು. ಆ ವಿದ್ಯೆ ಕೊಂಕಣದಲ್ಲಿರಲಿಲ್ಲ, ಕೊಚ್ಚಿಯ ಯಹೂದಿಯರಲ್ಲಿತ್ತು. ದಿವೇಕರರು ಸುರುಳಿಗಳನ್ನು ತರಲು ಕೊಚ್ಚಿಗೆ ಹೊರಟರು. 1797ರಲ್ಲಿ ಅಲ್ಲಿಯೇ ತೀರಿಕೊಂಡರು.

ಆರಾಧನಾಲಯವು 1860ರಲ್ಲಿ ಈಗಿನ ಜಾಗಕ್ಕೆ ಬಂತು. ಸಮೀಪದ ‘ಮಸ್ಜಿದ್’ ರೈಲು ನಿಲ್ದಾಣಕ್ಕೆ ಈ ಯಹೂದಿ ‘ಮಸೀದಿ’ಯಿಂದಲೇ ಹೆಸರು ಬಂತೆನ್ನುವವರುಂಟು. 1948ರ ನಂತರ ಬೆನೆ ಇಸ್ರಾಯೀಲರಲ್ಲಿ ಹೆಚ್ಚಿನವರು ಇಸ್ರೇಲಿಗೆ ವಲಸೆ ಹೋದರು. ಬೀದಿ ಮಾತ್ರ ಈಗಲೂ ಸ್ಯಾಮ್ಯುಯೆಲರ ಹೆಸರಿನಲ್ಲೇ ಇದೆ.