ಆ ಏಳು ದಿನ ಎಲ್ಲಿ ಹೋದವು?

ಸಂಬಳದ ಲೆಕ್ಕ ಹಾಕುವ ಕಂಪನಿಯಲ್ಲಿ ಕೆಲಸ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ, ನಾನು ಮೊದಲು ಕೇಳುವುದು ಇವತ್ತು ತಾರೀಕೆಷ್ಟು ಅಂತ. ತಿಂಗಳ 8ರಿಂದ 18ರೊಳಗೆ ಕುಂದಲಹಳ್ಳಿ ಗೇಟಿನ ಯಾವುದಾದರೂ ಟೀ ಅಂಗಡಿಯ ಮುಂದೆ ನಿಂತು ಪೇರೋಲ್ ಹುಡುಗ ಹುಡುಗಿಯರನ್ನು ವಿಚಾರಿಸಿ ನೋಡಿ, ‘ಒಳ್ಳೇ ಕೆಲಸ, ಕಲಿಯೋದು ತುಂಬಾ ಇದೆ’ ಅನ್ನುತ್ತಾರೆ. 20 ದಾಟಿದ ಮೇಲೆ ವಿಚಾರಿಸುತ್ತೇನೆ ಎಂದರೆ ಅವರು ಟೀಗೇ ಬರುವುದಿಲ್ಲ.

ಪೀಣ್ಯದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಶುರು ಮಾಡಿ, ಕುಂದಲಹಳ್ಳಿಯ ಒಂದು ಪೇರೋಲ್ ಕಂಪನಿಯಲ್ಲಿ ನಿವೃತ್ತಳಾದವಳು ನಾನು. ಈ ಕಸುಬನ್ನು ಆಳುವುದು ಮ್ಯಾನೇಜರೂ ಅಲ್ಲ, ಕಂಪ್ಯೂಟರೂ ಅಲ್ಲ, ಕ್ಯಾಲೆಂಡರು. ಆ ಕ್ಯಾಲೆಂಡರಿಗೆ ಮೊದಲ ಗೆರೆ ಎಳೆದದ್ದು 1936ರ ವೇತನ ಪಾವತಿ ಕಾಯ್ದೆ. ಸಾವಿರಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ತಿಂಗಳು ಮುಗಿದು 7ನೇ ತಾರೀಕಿನೊಳಗೆ, ಅದಕ್ಕೂ ದೊಡ್ಡ ಕಾರ್ಖಾನೆಯಾದರೆ 10ನೇ ತಾರೀಕಿನೊಳಗೆ ಸಂಬಳ ಕೈಗೆ ಬರಬೇಕಿತ್ತು. ನೋಟು, ನಾಣ್ಯದಲ್ಲೇ ಕೊಡಬೇಕಿತ್ತು. ಕೆಲಸದ ದಿನವೇ ಕೊಡಬೇಕಿತ್ತು; ರಜಾ ದಿನ ಕರೆಸಿಕೊಳ್ಳುವ ಹಾಗಿರಲಿಲ್ಲ. ಕೂಲಿಯವನ ರಕ್ಷಣೆಗೆಂದು ಬಂದ ಈ ಕಾನೂನು ಸಂಬಳದ ಗುಮಾಸ್ತರಿಗೂ ಒಂದು ಉಪಕಾರ ಮಾಡಿತು. ತಿಂಗಳು ಮುಗಿದ ಮೇಲೆ ಲೆಕ್ಕ ಹಾಕಲು ಏಳು ದಿನ ಕೊಟ್ಟಿತು.

ಪೀಣ್ಯದಲ್ಲಿ ನಾವು ಆ ಏಳು ದಿನವನ್ನೂ ಪೂರ್ತಿ ಬಳಸುತ್ತಿದ್ದೆವು. 1ಕ್ಕೆ ಪಂಚಿಂಗ್ ಕಾರ್ಡುಗಳೆಲ್ಲ ಒಳಗೆ ಬಂದು ಮಸ್ಟರ್ ರೋಲ್ ಮುಚ್ಚುತ್ತಿತ್ತು. 2, 3ಕ್ಕೆ ಓಟಿ, ರಜೆ, ತಡ. ಆಮೇಲೆ ಕಡಿತ: ಪಿಎಫ್, ಇಎಸ್‌ಐ, ಪ್ರೊಫೆಷನಲ್ ಟ್ಯಾಕ್ಸ್, ಸೊಸೈಟಿ ಸಾಲ, ಕ್ಯಾಂಟೀನು, ಹಬ್ಬದ ಅಡ್ವಾನ್ಸು. 5ಕ್ಕೆ ಡಿನಾಮಿನೇಷನ್ ಪಟ್ಟಿ. ಹೊಸಬರಿಗೆ ಇದೇನೆಂದು ಗೊತ್ತಿರಲಾರದು. ಒಬ್ಬನ ಸಂಬಳ 687 ರೂಪಾಯಿ ಬಂತೆನ್ನಿ. ಅವನ ಹೆಸರಿನ ಮುಂದೆ ಆರು ನೂರು, ಒಂದು ಐವತ್ತು, ಮೂರು ಹತ್ತು, ಒಂದು ಐದು, ಒಂದು ಎರಡು ಎಂದು ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯಬೇಕು. ಹೀಗೆ ಎಲ್ಲರದ್ದೂ ಬರೆದು, ಪ್ರತಿ ಕಾಲಮ್ಮನ್ನು ಕೂಡಿ, ಇಷ್ಟು ನೂರರ ನೋಟು, ಇಷ್ಟು ಎರಡರ ನೋಟು ಬೇಕೆಂದು ಬ್ಯಾಂಕಿಗೆ ಚೀಟಿ ಕಳಿಸಬೇಕು. ಹತ್ತರ ನೋಟು ನಾಲ್ಕು ಕಡಿಮೆ ಬಂದರೂ ಕವರ್ ತುಂಬುವಾಗ ಕೊನೆಯ ನಾಲ್ಕು ಜನರ ಹತ್ತಿರ ಬಂದು ಸಿಕ್ಕಿಹಾಕಿಕೊಳ್ಳುತ್ತಿತ್ತು. 6ಕ್ಕೆ ಕ್ಯಾಷಿಯರು, ವಾಚ್‌ಮನ್ನು ಟ್ರಂಕು ಹಿಡಿದು ಜೀಪಿನಲ್ಲಿ ಬ್ಯಾಂಕಿಗೆ. ಆ ಸಂಜೆ ಬಾಗಿಲು ಹಾಕಿಕೊಂಡು ಕಂದು ಕವರುಗಳಿಗೆ ತುಂಬುವುದು. 7ಕ್ಕೆ ಬಟವಾಡೆ.

ಕೌಂಟರಿನ ಮೇಲೆ ಒಂದು ಬೋರ್ಡು: ಇಲ್ಲೇ ಎಣಿಸಿಕೊಳ್ಳಿ, ಆಮೇಲೆ ದೂರು ಕೇಳುವುದಿಲ್ಲ. ಟೋಕನ್ ನಂಬರ್ ಕೂಗಿದ ಕೂಡಲೇ ಬಂದು, ರೆವಿನ್ಯೂ ಸ್ಟ್ಯಾಂಪಿನ ಮೇಲೆ ಸಹಿಯೋ ಹೆಬ್ಬೆಟ್ಟೋ ಹಾಕಿ, ಎಣಿಸುತ್ತಿದ್ದರು. ಗೇಟಿನ ಹೊರಗೆ ಚೀಟಿ ನಡೆಸುವವರು, ಬಡ್ಡಿ ವಸೂಲಿಯವರು, ಒಂದಿಬ್ಬರ ಹೆಂಡತಿಯರು ಕಾದಿರುತ್ತಿದ್ದರು. ‘ಅಕ್ಕಾ, ಶನಿವಾರದ ಓಟಿ ಬಿದ್ದಿಲ್ಲ ನೋಡಿ’ ಎಂದು ಒಬ್ಬ ಬಂದರೆ, ಅವನ ಎದುರಿಗೇ ಕಾರ್ಡು ತೆಗೆದು ತೋರಿಸಿದರಾಯಿತು, ಜಗಳ ಅಲ್ಲಿಗೆ ಮುಗಿಯಿತು. ಆಡಳಿತ ಮಂಡಳಿ ಮಾಡಿದ ಕಡಿತಕ್ಕೆ ಬೈಗುಳ ತಿನ್ನುವವರು ನಾವು ಎಂಬುದೊಂದು ಬೇಜಾರು. ಆದರೆ ಯಾರ ದುಡ್ಡನ್ನು ಎಣಿಸುತ್ತಿದ್ದೆವೋ ಅವರ ಮುಖ ಗೊತ್ತಿತ್ತು.

ಸಂಬಳದ ತಾರೀಕು ಎಂದರೆ ಏನೆಂದು ನನಗೆ ಅದಕ್ಕಿಂತ ಮೊದಲೇ ಮನೆಯಲ್ಲಿ ಗೊತ್ತಾಗಿತ್ತು. ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳ ದೊಡ್ಡ ಮುಷ್ಕರ ನಡೆದದ್ದು 1980ರ ಡಿಸೆಂಬರ್ 26ರಿಂದ 1981ರ ಮಾರ್ಚ್ 12ರವರೆಗೆ, 77 ದಿನ. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಎಲ್ಲ ಕಡೆ ಕೆಲಸ ನಿಂತಿತು. ಬಿಎಚ್‌ಇಎಲ್‌ನವರಿಗೆ ಸಿಕ್ಕ ವೇತನ ನಮಗೂ ಸಿಗಲಿ ಎಂಬುದು ಬೇಡಿಕೆ. ನಮ್ಮ ತಂದೆಯೂ ಅದರಲ್ಲಿದ್ದರು. ಸಂಬಳದ ದಿನ ಬಂತು, ಕವರ್ ಬರಲಿಲ್ಲ. ಮುಂದಿನ ತಿಂಗಳೂ ಬರಲಿಲ್ಲ. ಬೀದಿಯ ಅಂಗಡಿಯವರು ಬರೆದುಕೊಂಡು ಬರೆದುಕೊಂಡು ಪುಸ್ತಕ ಬದಲಾಯಿಸಿದರು.

ಕಂಪ್ಯೂಟರು ಬಂದು ನಮ್ಮ ಕೆಲಸ ಹಗುರ ಮಾಡಿತು ಎನ್ನುವವರಿಗೆ ಒಂದು ಸಂಗತಿ. ವ್ಯಾಪಾರದ ಲೆಕ್ಕಕ್ಕೆಂದೇ ಕಟ್ಟಿದ ಮೊದಲ ಕಂಪ್ಯೂಟರು ಇಂಗ್ಲೆಂಡಿನ ಲಯನ್ಸ್ ಎಂಬ ಟೀ ಅಂಗಡಿ ಕಂಪನಿಯದು, ಹೆಸರು ಲಿಯೋ. 1954ರ ಹೊತ್ತಿಗೆ ಅದು ಆ ಕಂಪನಿಯ ನೌಕರರ ಸಂಬಳದ ಲೆಕ್ಕ ಹಾಕುತ್ತಿತ್ತು. ಟೀ, ಬನ್ನು ಮಾರುವವರ ಸಂಬಳದಿಂದ ಶುರುವಾದ ವಿದ್ಯೆ ಎಂಬುದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಪೀಣ್ಯಕ್ಕೆ ಅದು ಬಂದದ್ದು ತೀರಾ ತಡವಾಗಿ. ನಾವು ಫಾಕ್ಸ್‌ಪ್ರೊದಲ್ಲಿ ಬರೆಸಿದ ಪ್ರೋಗ್ರಾಮು, ಕರ್ರೋ ಎಂದು ಕಿರುಚುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ನೌಕರ ಬರೆದುಕೊಟ್ಟರೆ ಚೆಕ್ಕಿನಲ್ಲೋ ಬ್ಯಾಂಕ್ ಖಾತೆಗೋ ಸಂಬಳ ಹಾಕಬಹುದು ಎಂಬ ತಿದ್ದುಪಡಿ 1976ರಲ್ಲೇ ಆಗಿದ್ದರೂ, ಸಣ್ಣ ಶೆಡ್ಡುಗಳಲ್ಲಿ ಕವರೇ ನಡೆಯುತ್ತಿತ್ತು. ಅದನ್ನು ಬಹುಮಟ್ಟಿಗೆ ನಿಲ್ಲಿಸಿದ್ದು 2016ರ ನೋಟು ರದ್ದತಿ. ಬರೆದುಕೊಡುವ ಶರತ್ತನ್ನೂ 2017ರ ತಿದ್ದುಪಡಿ ತೆಗೆಯಿತು.

ನಾನು ಕುಂದಲಹಳ್ಳಿಗೆ ಬಂದಾಗ ಕೆರೆಯ ಆಚೀಚೆ ಇನ್ನೂ ಅಲ್ಲಲ್ಲಿ ತೆಂಗಿನ ತೋಟ ಉಳಿದಿತ್ತು. 2019ರಲ್ಲಿ ಮುಚ್ಚಿದ ಗ್ರಾಫೈಟ್ ಇಂಡಿಯಾ ಕಾರ್ಖಾನೆ ಆಗಿನ್ನೂ ನಡೆಯುತ್ತಿತ್ತು. ಕಾರ್ಖಾನೆ ಹೋದರೂ ಜಂಕ್ಷನ್ನಿಗೆ ಹೆಸರು ಉಳಿದಿದೆ. ಒಂದು ಕಡೆ ಐಟಿಪಿಎಲ್, ಇನ್ನೊಂದು ಕಡೆ ಮಾರತ್‌ಹಳ್ಳಿ, ನಡುವೆ ನಾವು. ದೊಡ್ಡ ಕಂಪನಿಗಳು ತಮ್ಮ ಸಂಬಳದ ಲೆಕ್ಕವನ್ನು ನಮ್ಮಂಥ ಕಂಪನಿಗೆ ಏಕೆ ಕೊಡುತ್ತವೆ? ಖರ್ಚು ಉಳಿಯುತ್ತದೆ ಎಂಬುದು ಹೊರಗೆ ಹೇಳುವ ಕಾರಣ. ಗುಟ್ಟು ಉಳಿಯುತ್ತದೆ ಎಂಬುದು ಒಳಗಿನದು, ನನ್ನ ಪ್ರಕಾರ ಅದೇ ದೊಡ್ಡದು. ಪೀಣ್ಯದಲ್ಲಿ ಯೂನಿಯನ್ ಒಪ್ಪಂದವನ್ನು ನೋಟಿಸ್ ಬೋರ್ಡಿಗೇ ಅಂಟಿಸುತ್ತಿದ್ದರು. ಯಾವ ಗ್ರೇಡಿಗೆ ಎಷ್ಟು ಎಂದು ಕ್ಯಾಂಟೀನ್ ಹುಡುಗನಿಗೂ ಗೊತ್ತು. ಇಲ್ಲಿ ಅಕ್ಕಪಕ್ಕ ಕೂತವರ ಸಿಟಿಸಿ ಬೇರೆ ಬೇರೆ. ಅದು ಗೊತ್ತಿರುವ ಗುಮಾಸ್ತ ಅದೇ ಕ್ಯಾಂಟೀನಿನಲ್ಲಿ ಊಟ ಮಾಡುವುದು ಬೇಡ, ಅಷ್ಟೇ.

ಇಲ್ಲಿ ನಮ್ಮ ಏಳು ದಿನ ಮಾಯವಾದವು. ಯಾವ ಸರ್ಕಾರವೂ ಕಿತ್ತುಕೊಳ್ಳಲಿಲ್ಲ. ಐಟಿ ಕಂಪನಿಗಳು ತಿಂಗಳ ಕೊನೆಯ ಕೆಲಸದ ದಿನವೇ ಸಂಬಳ ಹಾಕುವ ರೂಢಿ ತಂದವು. ತಮಾಷೆ ಏನೆಂದರೆ 1936ರ ಕಾಯ್ದೆ ಅವರಿಗೆ ಅನ್ವಯಿಸುತ್ತಲೇ ಇರಲಿಲ್ಲ. ಮೊದಲಿಗೆ ತಿಂಗಳಿಗೆ 200 ರೂಪಾಯಿಗಿಂತ ಕಡಿಮೆ ದುಡಿಯುವವರಿಗೆ ಮಾತ್ರ ಇದ್ದ ಆ ಕಾಯ್ದೆಯ ಮಿತಿ ಏರುತ್ತಾ ಏರುತ್ತಾ 2017ರಲ್ಲಿ 24,000ಕ್ಕೆ ಬಂದು ನಿಂತಿತ್ತು. ಕಾನೂನಿನ ಹಂಗಿಲ್ಲದವರಿಗೆ 30ಕ್ಕೆ ಸಂಬಳ, ಕಾನೂನಿನ ರಕ್ಷಣೆ ಇದ್ದವರಿಗೆ 7ಕ್ಕೆ!

30ಕ್ಕೆ ದುಡ್ಡು ಬೀಳಬೇಕಾದರೆ ತಿಂಗಳು ಮುಗಿಯುವ ಮೊದಲೇ ಲೆಕ್ಕ ಮುಗಿದಿರಬೇಕು. ಹಾಗಾಗಿ 20ಕ್ಕೆ ಇನ್‌ಪುಟ್ ಕಟ್-ಆಫ್. ಹೊಸದಾಗಿ ಸೇರಿದವರು, ಬಿಟ್ಟುಹೋದವರು, ಇನ್‌ಕ್ರಿಮೆಂಟು, ಬೋನಸ್ಸು, ಸಂಬಳವಿಲ್ಲದ ರಜೆ ಎಲ್ಲ ಎಕ್ಸೆಲ್ ಹಾಳೆಯಲ್ಲಿ ಬರಬೇಕು. 20ಕ್ಕೆ ಬರುವುದಿಲ್ಲ. 23ರ ಸಂಜೆ ಆರಕ್ಕೆ ಬರುತ್ತದೆ, ರಾತ್ರಿ ಹನ್ನೊಂದಕ್ಕೆ ‘ಫೈನಲ್’ ಎಂಬ ಹೆಸರಿನಲ್ಲಿ ಇನ್ನೊಂದು ಬರುತ್ತದೆ, ಬೆಳಿಗ್ಗೆ ‘ಫೈನಲ್ 2’ ಬರುತ್ತದೆ. ಲೆಕ್ಕ ಓಡಿಸಿ, ಹಿಂದಿನ ತಿಂಗಳಿನ ಜೊತೆ ತಾಳೆ ನೋಡಿ, ಅವರ ಒಪ್ಪಿಗೆ ಪಡೆದು, ಬ್ಯಾಂಕ್ ಫೈಲ್ ಕಳಿಸುವಷ್ಟರಲ್ಲಿ 28. ಕಂಪ್ಯೂಟರು ಉಳಿಸಿಕೊಟ್ಟ ಸಮಯವನ್ನೆಲ್ಲ ತಾರೀಕು ನುಂಗಿಹಾಕಿತು. ಸಂಬಳ ಬಿದ್ದ ಕೂಡಲೇ ಬಿಡುವೂ ಇಲ್ಲ: 7ಕ್ಕೆ ಟಿಡಿಎಸ್, 15ಕ್ಕೆ ಪಿಎಫ್, 20ಕ್ಕೆ ಪ್ರೊಫೆಷನಲ್ ಟ್ಯಾಕ್ಸ್. ಮೊದಲು ಪಿಎಫ್‌ಗೆ 15ರ ಮೇಲೆ ಐದು ದಿನ ವಿನಾಯಿತಿ ಇತ್ತು, 2016ರಲ್ಲಿ ತೆಗೆದರು. ಇಎಸ್‌ಐ 21ಕ್ಕೆ ಕಟ್ಟುತ್ತಿದ್ದೆವು, 2017ರಲ್ಲಿ ಅದನ್ನೂ 15ಕ್ಕೆ ತಂದರು.

ಹಾಗಾದರೆ ಜನ ಏಕೆ ನಿಲ್ಲುತ್ತಾರೆ? ನಮ್ಮಲ್ಲಿ ಹೆಚ್ಚಿನವರು ಮಾಲೂರು, ಟೇಕಲ್, ಬಂಗಾರಪೇಟೆ, ಕೆಜಿಎಫ್ ಕಡೆಯ ಬಿ.ಕಾಂ. ಮಕ್ಕಳು. ರೈಲಿನಲ್ಲಿ ವೈಟ್‌ಫೀಲ್ಡಿಗೋ ಹೂಡಿಗೋ ಬಂದು, ಅಲ್ಲಿಂದ ಬಸ್ಸೋ ಷೇರ್ ಆಟೋವೋ ಹಿಡಿದು ಬರುತ್ತಿದ್ದರು. ಅವರಿಗೆ ಇಷ್ಟವಾಗುತ್ತಿದ್ದುದು ಒಂದು, ಇಲ್ಲಿ ಟಾರ್ಗೆಟ್ ಇಲ್ಲ, ಯಾರಿಗೂ ಏನೂ ಮಾರಬೇಕಿಲ್ಲ. ಇನ್ನೊಂದು, ಎರಡು ವರ್ಷ ಮನಸ್ಸಿಟ್ಟು ಕಲಿತರೆ ಪಿಎಫ್, ಇಎಸ್‌ಐ, ಗ್ರಾಚುಟಿ, ಆದಾಯ ತೆರಿಗೆ ಎಲ್ಲ ಬಾಯಿಪಾಠ. ಐದು ವರ್ಷ ಸರ್ವಿಸಾದವರಿಗೆ ಗ್ರಾಚುಟಿ ಎಷ್ಟೆಂದು ಕೇಳಿದರೆ ಕಡೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸರ್ವಿಸಿನ ವರ್ಷಗಳಿಂದ ಗುಣಿಸಿ ನಿಂತ ನಿಲುವಿನಲ್ಲೇ ಹೇಳುತ್ತಿದ್ದರು. ಈ ವಿದ್ಯೆಯಿಂದಲೇ ಕೆ.ಆರ್. ಪುರದಲ್ಲಿ ಸಣ್ಣ ಪಿಎಫ್ ಕನ್ಸಲ್ಟೆನ್ಸಿ ತೆರೆದು ನಮಗಿಂತ ಚೆನ್ನಾಗಿರುವವರಿದ್ದಾರೆ.

ಇಷ್ಟವಾಗದ್ದು ಅವರದೇ ಪೇಸ್ಲಿಪ್. ಟೇಕಲ್ಲಿನ ಒಬ್ಬ ಹುಡುಗ ಮೊದಲ ಸಲ ರಿಜಿಸ್ಟರ್ ತಾಳೆ ನೋಡುತ್ತಾ ಒಂದು ಸಾಲಿನಲ್ಲಿ ಬೆರಳಿಟ್ಟುಕೊಂಡು ಕೂತುಬಿಟ್ಟ. ‘ಮೇಡಂ, ಇವರ ಒಂದು ತಿಂಗಳ ಟಿಡಿಎಸ್ಸೇ ನನ್ನ ಒಂದು ವರ್ಷದ ಸಂಬಳ.’ ‘ಹೌದು ಕಣಪ್ಪಾ, ಮುಂದಿನ ಸಾಲು ನೋಡು’ ಅಂದೆ. ಬೇರೇನು ಹೇಳಲಿ? ಊರವರ ಸಂಬಳವೆಲ್ಲ ಕಣ್ಣಮುಂದೆ ಹಾದುಹೋಗುತ್ತದೆ, ಮನೆಯಲ್ಲಿ ಹೆಂಡತಿಯ ಹತ್ತಿರವೂ ಬಾಯಿಬಿಡುವ ಹಾಗಿಲ್ಲ. ಹತ್ತು ಸಾವಿರ ಜನರ ಸಂಬಳ ಸರಿಯಾಗಿ ಬಿದ್ದರೆ ಯಾರೂ ಫೋನ್ ಮಾಡುವುದಿಲ್ಲ. ಒಬ್ಬರದ್ದು 40 ರೂಪಾಯಿ ಹೆಚ್ಚುಕಡಿಮೆಯಾದರೆ ಮೂರು ಮೇಲ್, ಒಂದು ಟಿಕೆಟ್, ಒಂದು ಮೀಟಿಂಗ್. ಪೀಣ್ಯದ ಹಾಗೆ ಕಾರ್ಡು ತೆಗೆದು ತೋರಿಸೋಣವೆಂದರೆ ಎದುರಿಗೆ ಮನುಷ್ಯನೇ ಇಲ್ಲ.

ಜನವರಿಯಿಂದ ಮಾರ್ಚ್‌ವರೆಗೆ ಹೂಡಿಕೆ ದಾಖಲೆಗಳ ಕಾಲ. ಬಾಡಿಗೆ ರಸೀದಿಗಳ ರಾಶಿ. ವರ್ಷದ ಬಾಡಿಗೆ ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಬೇಕು, ಎಷ್ಟೋ ಮಾಲೀಕರು ಕೊಡುವುದಿಲ್ಲ. ನಾನು ಸರ್ವಿಸಿನಲ್ಲಿದ್ದಷ್ಟು ಕಾಲವೂ ಮನೆ ಬಾಡಿಗೆ ಭತ್ಯೆಗೆ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈನವರಿಗೆ ಮೂಲ ವೇತನದ ಶೇ 50ರ ಮಿತಿ, ಬೆಂಗಳೂರಿನವರಿಗೆ ಶೇ 40. ಕುಂದಲಹಳ್ಳಿ ಕಾಲೊನಿಯಲ್ಲಿ ಬಾಡಿಗೆ ಕಟ್ಟುವವರಿಗೆ ಇದನ್ನು ಫೋನಿನಲ್ಲಿ ವಿವರಿಸುವ ಶಿಕ್ಷೆ ಯಾರಿಗೂ ಬೇಡ. ಇದರ ನಡುವೆ ಯುಗಾದಿ ಬರುತ್ತದೆ, ಪ್ರತಿವರ್ಷ ಸರಿಯಾಗಿ ವರ್ಷಾಂತ್ಯದ ಆಸುಪಾಸಿಗೇ. 2020ರಲ್ಲಂತೂ ಯುಗಾದಿ ಮಾರ್ಚ್ 25. ಲಾಕ್‌ಡೌನಿನ ಮೊದಲ ದಿನವೂ ಅದೇ. ಅದಕ್ಕೆ ಮೊದಲೇ ಕಂಪ್ಯೂಟರುಗಳನ್ನು ಆಟೋದಲ್ಲಿ ಹೇರಿ ಹುಡುಗರ ಮನೆಗೆ ಕಳಿಸಿದ್ದೆವು. ಒಬ್ಬಟ್ಟಿನ ಕೈಯಲ್ಲೇ ಬ್ಯಾಂಕ್ ಫೈಲ್. ಆ ವರ್ಷ ಮೇ, ಜೂನ್, ಜುಲೈ ಮೂರು ತಿಂಗಳಿಗೆ ಪಿಎಫ್ ದರವನ್ನು 12ರಿಂದ 10ಕ್ಕೆ ಇಳಿಸಿ ಮತ್ತೆ ಏರಿಸಿದರು. ಕೈಗೆ ಹೆಚ್ಚು ದುಡ್ಡು ಬಂತೆಂದು ಫೋನ್ ಮಾಡಿದವರು ಯಾರೂ ಇಲ್ಲ. ಆಗಸ್ಟಿನಲ್ಲಿ ಕಡಿಮೆಯಾಯಿತೆಂದು ಎಲ್ಲರೂ ಮಾಡಿದರು.

ನಮ್ಮಲ್ಲಿ ಗಾರ್ಮೆಂಟ್ಸ್ ಲೆಕ್ಕವೂ ಒಂದಿತ್ತು. ಐಟಿಯವರು ಪೇಸ್ಲಿಪ್ಪಿನ ಪಿಎಫ್ ಸಾಲನ್ನು ಓದುವುದೇ ಅಪರೂಪ. ಆ ಹೆಣ್ಣುಮಕ್ಕಳು ಓದುತ್ತಿದ್ದುದೇ ಆ ಸಾಲನ್ನು. ಮಗಳ ಮದುವೆ, ಊರಿನ ಸಾಲ, ಸೂರು, ಎಲ್ಲಕ್ಕೂ ಅದೇ ಗಂಟು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಂದಾಗ, ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆ, ಪೀಣ್ಯ, ಜಾಲಹಳ್ಳಿ ಕಡೆ ರಸ್ತೆಗಿಳಿದರು. ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿ ಬೀಸಿತು, 19ರಂದೇ ನಿಯಮ ವಾಪಸಾಯಿತು. ಆ ತಿಂಗಳು ಅವರ ರಿಜಿಸ್ಟರನ್ನು ನಮ್ಮ ಹುಡುಗಿಯರು ತಾಳೆ ನೋಡಿದಷ್ಟು ಜತನದಿಂದ ಬೇರೆ ಯಾವುದನ್ನೂ ನೋಡಿದ್ದು ನನಗೆ ನೆನಪಿಲ್ಲ.

2021ರ ಆಗಸ್ಟ್ 1ರಿಂದ ರಿಸರ್ವ್ ಬ್ಯಾಂಕು, ಬ್ಯಾಂಕುಗಳ ಮೂಲಕ ಸಂಬಳ ಹಾಕಲು ಬಳಸುವ ನಾಚ್ ವ್ಯವಸ್ಥೆಯನ್ನು ವಾರದ ಏಳೂ ದಿನ ತೆರೆಯಿತು. ಭಾನುವಾರವೂ ಸಂಬಳ ಬೀಳಬಹುದು. ಬೀಳಬಹುದು ಎಂದರೆ ಯಾರೋ ಕೂತಿರಬೇಕು. 2025ರ ನವೆಂಬರ್ 21ರಂದು ವೇತನ ಸಂಹಿತೆ ಜಾರಿಗೆ ಬಂದು, ಲಕ್ಷ ಎಣಿಸುವವರೂ ಕಾನೂನಿನ ಒಳಗೆ ಬಂದರು. ತಿಂಗಳ ಸಂಬಳಕ್ಕೆ ಅದೇ ಹಳೆಯ 7ನೇ ತಾರೀಕು ಅಲ್ಲಿಯೂ ಇದೆ. ಆದರೆ ಕೆಲಸ ಬಿಟ್ಟವರ ವೇತನದ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕು. ನಮ್ಮ ಕಾಲದಲ್ಲಿ ಇದಕ್ಕೆ 45 ದಿನ ಹಿಡಿದರೂ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಬಿಟ್ಟವರಿಗೆ ಇದು ನ್ಯಾಯವೇ, ನಾನೂ ಒಪ್ಪುತ್ತೇನೆ. ಟೇಕಲ್ಲಿನ ಹುಡುಗ ಈಗ ಟೀಮ್ ಲೀಡ್. ಮೊನ್ನೆ ಫೋನ್ ಮಾಡಿದ್ದ. ಈ ಚುಕ್ತಾ ಕೆಲಸಕ್ಕೆ ಬೇರೆ ಜನ ಕೊಡುವುದಿಲ್ಲವಂತೆ, ಅದಕ್ಕೆ ಕಟ್-ಆಫನ್ನು 18ಕ್ಕೆ ತಂದಿದ್ದಾರಂತೆ. ‘18ಕ್ಕೆ ಇನ್‌ಪುಟ್ ಬರುತ್ತಾ?’ ಅಂದೆ. ‘23ಕ್ಕೇ ಮೇಡಂ’ ಅಂದ.