ಎದೆಹಾಲು, ಕಂಪನಿ ಬಸ್ಸು ಮತ್ತು ಕಾನೂನಿನ 15 ನಿಮಿಷ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಒಂದು ಸಣ್ಣ ಯಂತ್ರದ ಚರಿತ್ರೆ ಹೇಳ್ತೀನಿ. ಬ್ರೆಸ್ಟ್ ಪಂಪ್. ಎದೆಹಾಲು ತೆಗೆಯೋ ಪಂಪ್. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೊರಟ ತಾಯಂದಿರು ಈಗ ಹೆಚ್ಚಾಗಿ ಕೇಳೋ ಪ್ರಶ್ನೆ ಒಂದೇ: "ಯಾವುದು ತಗೊಳ್ಳೋದು?" ಕೆಲವು ನೂರು ರೂಪಾಯಿಗೆ ಕೈಯಲ್ಲಿ ಒತ್ತುವ ಪಂಪ್ ಸಿಗುತ್ತೆ. ಹತ್ತಾರು ಸಾವಿರದ ಎಲೆಕ್ಟ್ರಿಕ್ ಪಂಪೂ ಇದೆ. ಯಾವುದು ಒಳ್ಳೇದು ಅಂತ ಹೇಳೋ ವಿಡಿಯೊಗಳಿಗೇನೂ ಬರ ಇಲ್ಲ. ಆದರೆ ಈ ಪ್ರಶ್ನೆ ನಮ್ಮ ಮನೆಗಳಿಗೆ ಬಂದದ್ದಾದರೂ ಹೇಗೆ? ನಮ್ಮ ಅಜ್ಜಿಯರು ಹೊಲಕ್ಕೂ ಹೋಗ್ತಿದ್ರು, ಮಗುವಿಗೆ ಹಾಲೂ ಕೊಡ್ತಿದ್ರು. ಅವರಿಗೆ ಬೇಡವಾದ ಯಂತ್ರ ಮೊಮ್ಮಗಳಿಗೆ ಯಾಕೆ ಬೇಕಾಯ್ತು?

ನನ್ನ ತವರು ಬೈರಕೂರು ಕಡೆ. ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಅದು ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಒಂದು ಹೋಬಳಿ, ಆಂಧ್ರದ ಗಡಿಗೆ ಹತ್ತಿರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ರಾಗಿ, ನೆಲಗಡಲೆ, ಟೊಮೆಟೊ, ಹಿಪ್ಪುನೇರಳೆ, ಮನೆ ಮುಂದೆ ಒಂದೆರಡು ಸೀಮೆಹಸು. ಆ ಕಡೆ ಕಳೆ ತೆಗೆಯೋಕೆ ಹೋದ ಬಾಣಂತಿ ಹೊಂಗೆ ಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟಿ ಮಗು ಮಲಗಿಸ್ತಿದ್ಳು. ಅತ್ತರೆ ಎದ್ದು ಹೋಗಿ ಹಾಲು ಕೊಟ್ಟು ಬರ್ತಿದ್ಳು. ಇದನ್ನ ಸೊಗಸಾದ ಕಾಲ ಅಂತ ನಾನು ಹೇಳಲ್ಲ. ಬಿಸಿಲು, ಇರುವೆ, ಮೇಸ್ತ್ರಿಯ ಬೈಗುಳ ಎಲ್ಲ ಇತ್ತು, ಕೂಲಿಯೂ ಕಡಿಮೆ. ಆದರೆ ತಾಯಿಗೂ ಮಗುವಿಗೂ ನಡುವೆ ಇದ್ದ ದೂರ ಇಪ್ಪತ್ತು ಹೆಜ್ಜೆ. ಇವತ್ತಿನ ಕಥೆಯೆಲ್ಲ ಈ ದೂರದ್ದೇ.

ತಾಯಿ ಜೊತೆಯಲ್ಲಿ ಇಲ್ಲದಾಗಲೂ ಉಪಾಯ ಇರ್ತಿತ್ತು. ಕನ್ನಡದಲ್ಲಿ ಒಳಲೆ ಅಂತಾರೆ, ನಮ್ಮ ಕಡೆ ತೆಲುಗಿನಲ್ಲಿ ಉಗ್ಗುಗಿನ್ನೆ. ಮೂತಿ ಇರೋ ಪುಟ್ಟ ಬಟ್ಟಲು. ಕೆಲವು ಮನೆಗಳಲ್ಲಿ ಬೆಳ್ಳಿಯದು, ಹೆಚ್ಚಿನ ಕಡೆ ಹಿತ್ತಾಳೆ, ಸ್ಟೀಲು. ಕೈಯಿಂದ ಹಿಂಡಿದ ಹಾಲನ್ನ ಅದರಲ್ಲಿ ಹಾಕಿ ಅಜ್ಜಿ ಕುಡಿಸ್ತಿದ್ಳು. ಹುಟ್ಟಿದ ಕೂಸಿಗೆ ಎದೆಹಾಲು ಚೀಪೋಕೆ ಆಗದಿದ್ರೆ ಎಷ್ಟೋ ಆಸ್ಪತ್ರೆಗಳಲ್ಲಿ ಇವತ್ತಿಗೂ ಕೊಡೋದು ಇದೇ ಆಕಾರದ ಬಟ್ಟಲನ್ನ. ಈ ಒಳಲೆಯನ್ನ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಯಂತ್ರಕ್ಕೆ ಬರೋಣ. ಅಮೆರಿಕದಲ್ಲಿ ಓ. ಎಚ್. ನೀಡಮ್ ಅನ್ನೋರಿಗೆ ಎದೆಹಾಲಿನ ಪಂಪಿನ ಪೇಟೆಂಟ್ ಸಿಕ್ಕಿದ್ದು 1854ರಲ್ಲಿ. ಆಗಿನ ಪಂಪುಗಳೆಲ್ಲ ಒಂದೇ ಸಮನೆ ಎಳೆಯೋ ಸಾಧನಗಳು. ಮಗು ಹಾಗೆ ಕುಡಿಯಲ್ಲ ಅಲ್ವಾ? ಎಳೆಯುತ್ತೆ, ಬಿಡುತ್ತೆ, ಮತ್ತೆ ಎಳೆಯುತ್ತೆ. ಆ ಲಯವನ್ನ ಯಂತ್ರಕ್ಕೆ ತಂದವರಲ್ಲಿ ಎಡ್ವರ್ಡ್ ಲಾಸ್ಕರ್ ಒಬ್ಬರು. ಚೆಸ್ ಗೊತ್ತಿರೋರು ಈ ಹೆಸರು ಕೇಳಿರ್ತೀರಿ. ವಿಶ್ವ ಚಾಂಪಿಯನ್ ಆಗಿದ್ದ ಎಮಾನ್ಯುಯೆಲ್ ಲಾಸ್ಕರ್ ಅಲ್ಲ, ಇವರು ಬೇರೆ. ಹೆಸರಾಂತ ಆಟಗಾರ, ವೃತ್ತಿಯಲ್ಲಿ ಇಂಜಿನಿಯರ್. 1923ರಲ್ಲಿ ಇವರು ಪೇಟೆಂಟ್‌ಗೆ ಅರ್ಜಿ ಹಾಕಿದರು. ಷಿಕಾಗೋದ ಮಕ್ಕಳ ವೈದ್ಯ ಐಸಾಕ್ ಆಬ್ಟ್ ಅದನ್ನ ಆಸ್ಪತ್ರೆಯಲ್ಲಿ ಬಳಸಿದರು. ಯಾರಿಗೆ? ದಿನ ತುಂಬುವ ಮುಂಚೆ ಹುಟ್ಟಿ, ಚೀಪೋಕೆ ಶಕ್ತಿ ಇಲ್ಲದ ಕೂಸುಗಳಿಗೆ. ಅಂದ್ರೆ ಈ ಯಂತ್ರವನ್ನ ಮೊದಲು ಬಳಸಿದ್ದು ಆಫೀಸಿಗೆ ಹೊರಟ ತಾಯಿಗಲ್ಲ.

ಆಮೇಲೆ ಸ್ವೀಡನ್ನಿನ ಇಂಜಿನಿಯರ್ ಐನಾರ್ ಎಗ್ನೆಲ್. ಇವರು ಸ್ಟಾಕ್‌ಹೋಮ್‌ನ ಆಸ್ಪತ್ರೆಯೊಂದರ ನರ್ಸ್ ಮಾಯಾ ಶಿಂಡ್‌ಬೆರಿ ಜೊತೆ ಕೆಲಸ ಮಾಡಿದರು. ನೋವಾಗದೆ, ಗಾಯವಾಗದೆ ಹಾಲು ಬರಬೇಕಾದ್ರೆ ಎಷ್ಟು ಒತ್ತಡ ಬೇಕು, ಎಷ್ಟು ಬಿಡುವು ಬೇಕು ಅಂತ ಅಳೆದು 1956ರಲ್ಲಿ ಪ್ರಕಟಿಸಿದರು. ಅದಕ್ಕೆ ಅವರು ನೋಡಿದ್ದು ಏನನ್ನ ಗೊತ್ತಾ? ಹಸುವಿನ ಹಾಲು ಕರೆಯೋ ಯಂತ್ರಗಳನ್ನೂ ಸೇರಿಸಿ. ನ್ಯೂಜಿಲೆಂಡಿನ ಹೈನು ವಿಜ್ಞಾನಿ ವಿಟಲ್‌ಸ್ಟೋನ್ ಕೂಡ ಕೊಟ್ಟಿಗೆಯಿಂದಲೇ ಈ ಕಡೆಗೆ ಬಂದವರು. ಕೇಳಿದ ತಕ್ಷಣ ಕೆಲವರಿಗೆ ಅವಮಾನ ಅನ್ನಿಸುತ್ತೆ: ಹೆಂಗಸನ್ನ ಹಸುವಿಗೆ ಹೋಲಿಸ್ತಾರಾ ಅಂತ. ಹಾಲಿನ ಜಿಲ್ಲೆಯವಳಾದ ನನಗೆ ಹಾಗನ್ನಿಸಲ್ಲ. ಹಸು ಸೊರ ಬಿಡೋ ತನಕ ಎಷ್ಟು ಎಳೆದರೂ ಹಾಲು ಬರಲ್ಲ ಅಂತ ನಮ್ಮೂರ ಪ್ರತಿ ಮನೆಯವರಿಗೂ ಗೊತ್ತು. ಹೊಸಬರು ಕೂತರೆ, ನಾಯಿ ಬೊಗಳಿದರೆ, ಗದರಿಸಿದರೆ ಹಸು ಹಾಲು ಕಟ್ಟಿಬಿಡುತ್ತೆ. ತಾಯಿಗೂ ಅದೇ. ಆಕ್ಸಿಟೋಸಿನ್ ಅನ್ನೋ ಹಾರ್ಮೋನು ಹರಿದಾಗ ಹಾಲು ಇಳಿಯುತ್ತೆ, ಗಾಬರಿಯಲ್ಲಿ, ನಾಚಿಕೆಯಲ್ಲಿ, ಅವಸರದಲ್ಲಿ ಅದು ಹಿಂಜರಿಯುತ್ತೆ. ಶೌಚಾಲಯದ ಬಾಗಿಲು ಹಾಕ್ಕೊಂಡು, ಹೊರಗೆ ಯಾರೋ ತಟ್ಟುತ್ತಿರುವಾಗ, ಅತಿ ದುಬಾರಿ ಪಂಪೂ ಸೋಲೋದು ಇದಕ್ಕೇ.

ಪಂಪು ಆಸ್ಪತ್ರೆ ಬಿಟ್ಟು ಮನೆಗೆ ಬರೋಕೆ ಇನ್ನೂ ಬಹಳ ವರ್ಷ ಹಿಡೀತು. ಮೆಡೆಲಾ ಕಂಪನಿ ಅಮೆರಿಕದಲ್ಲಿ ಮನೆಬಳಕೆಯ ಎಲೆಕ್ಟ್ರಿಕ್ ಪಂಪ್ ಮಾರಾಟಕ್ಕೆ ತಂದದ್ದು 1991ರಲ್ಲಿ. ಅಲ್ಲಿ ಸಂಬಳ ಸಹಿತ ಹೆರಿಗೆ ರಜೆ ಕೊಡಬೇಕು ಅನ್ನೋ ರಾಷ್ಟ್ರೀಯ ಕಾನೂನು ಇವತ್ತಿಗೂ ಖಾಸಗಿ ನೌಕರರಿಗಿಲ್ಲ. ರಜೆ ಇಲ್ಲದ ಕಡೆ ಪಂಪು ಬೇಗ ಬೆಳೀತು. ಇದು ಕಾಕತಾಳೀಯ ಅಂತ ನನಗನ್ನಿಸಲ್ಲ.

ನಮ್ಮಲ್ಲಿ ದಾರಿ ಬೇರೆ ಇತ್ತು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮೊದಲ ಸಭೆಯಲ್ಲೇ ಹೆರಿಗೆ ಬಗ್ಗೆ ಒಂದು ಒಪ್ಪಂದ ಮಾಡಿತು. ಹಾಲುಣಿಸೋ ತಾಯಿಗೆ ಕೆಲಸದ ಹೊತ್ತಿನಲ್ಲಿ ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ ಬಿಡುವು ಅಂತ ಅದರಲ್ಲಿದೆ. ಮುಂಬೈ ಪ್ರಾಂತ್ಯದ ಹೆರಿಗೆ ಭತ್ಯೆ ಕಾಯಿದೆ 1929ರದು. ಆ ಮಸೂದೆಯ ಪರವಾಗಿ ಅಲ್ಲಿನ ಶಾಸನ ಪರಿಷತ್ತಿನಲ್ಲಿ ಅಂಬೇಡ್ಕರ್ ಮಾತಾಡಿದ್ದರು. ಮೈಸೂರು ಸಂಸ್ಥಾನ 1937ರಲ್ಲಿ ತನ್ನದೇ ಕಾಯಿದೆ ತಂದಿತು. ಸ್ವಾತಂತ್ರ್ಯ ಬಂದ ಮೇಲೆ 1961ರ ಹೆರಿಗೆ ಸೌಲಭ್ಯ ಕಾಯಿದೆ: 12 ವಾರ ರಜೆ, ಜೊತೆಗೆ ಮಗುವಿಗೆ 15 ತಿಂಗಳಾಗೋ ತನಕ ದಿನಕ್ಕೆ ಎರಡು ಹಾಲುಣಿಸೋ ಬಿಡುವು.

ಆ ಬಿಡುವು ಎಷ್ಟು ಹೊತ್ತು? ಗಣಿಗಳಿಗೆ ಅಂತ ಕೇಂದ್ರ ಸರ್ಕಾರ 1963ರಲ್ಲಿ ಮಾಡಿದ ನಿಯಮದಲ್ಲಿ ಒಂದೊಂದು ಬಿಡುವು 15 ನಿಮಿಷ. ನಮ್ಮ ಜಿಲ್ಲೆಯ ಕೆಜಿಎಫ್ ಚಿನ್ನದ ಗಣಿಗಳು ಅದರ ಹಿಂದಿನ ವರ್ಷವಷ್ಟೇ ಕೇಂದ್ರದ ಕೈಗೆ ಹೋಗಿದ್ದವು. ಆ ನಿಯಮದಲ್ಲಿ ನನಗೆ ಬಹಳ ಹಿಡಿಸೋ ಒಂದು ಮಾತಿದೆ. ಶಿಶುವಿಹಾರಕ್ಕೆ ನಡೆದು ಹೋಗಿ ಬರೋಕೆ ಬೇಕಾಗೋ ಸಮಯ ಈ 15 ನಿಮಿಷದಲ್ಲಿ ಸೇರಲ್ಲ, ದೂರ ನೋಡಿ ಅದನ್ನ ಬೇರೆ ಕೊಡಬೇಕು. ಬರೆದವರು ಯಾರೋ, ಆ ಹೆಂಗಸು ನಡೆಯೋದನ್ನ ಕಣ್ಣಾರೆ ಕಂಡಿದ್ದಾರೆ. ಅವರ ಕಲ್ಪನೆಯಲ್ಲಿ ಮಗು ಇರೋದು ಅಲ್ಲೇ, ಗಣಿಯ ಪಕ್ಕದ ಶಿಶುವಿಹಾರದಲ್ಲಿ. ನಮ್ಮ ಕಾನೂನು ಜೋಲಿಯನ್ನ ಕಟ್ಟಡ ಮಾಡಿತು ಅಷ್ಟೆ. ತಾಯಿ ನಡೆದು ಹೋದರೆ ಮಗು ಸಿಗುತ್ತೆ ಅನ್ನೋ ನಂಬಿಕೆ ಹಾಗೇ ಉಳೀತು.

ಇದೇ ಕಾಲದಲ್ಲಿ ದೂರದ ಸಮಸ್ಯೆಗೆ ಇನ್ನೊಂದು ಉತ್ತರ ನಮ್ಮ ರಾಜ್ಯದಲ್ಲೇ ತಯಾರಾಯ್ತು. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿರೋ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1950ರ ದಶಕದಲ್ಲಿ ಎಮ್ಮೆ ಹಾಲಿನಿಂದ ಶಿಶು ಆಹಾರದ ಪುಡಿ ಮಾಡೋ ವಿಧಾನ ಕಂಡುಹಿಡಿದರು. ಎಮ್ಮೆ ಹಾಲಿನಿಂದ ಇದು ಆಗದ ಕೆಲಸ ಅಂತ ಹೊರದೇಶದವರು ಹೇಳ್ತಿದ್ದ ಕಾಲ ಅದು. ಅದೇ ವಿಧಾನದಿಂದ ಅಮುಲ್ ಡಬ್ಬಿ ಮಾರುಕಟ್ಟೆಗೆ ಬಂತು. ವಿಜ್ಞಾನದ ಲೆಕ್ಕದಲ್ಲಿ ದೊಡ್ಡ ಸಾಧನೆ. ತಾಯಿ ಇಲ್ಲದ ಕೂಸಿಗೆ ಜೀವದಾನ. ಆದರೆ ಹಾಲಿದ್ದ ತಾಯಂದಿರೂ ಕೆಲಸದ ದೆಸೆಯಿಂದ ಪುಡಿಗೆ ಹೋದರು. ಕೊಳಕು ನೀರು, ತೊಳೆಯದ ಸೀಸೆ, ಡಬ್ಬಿ ಬೇಗ ಮುಗಿಯದಿರಲಿ ಅಂತ ನೀರಾಗಿ ಕಲಸೋದು, ಇದರಿಂದ ಮಕ್ಕಳು ಭೇದಿಗೆ ಬಿದ್ದದ್ದು ಜಗತ್ತಿನ ಎಲ್ಲ ಬಡ ದೇಶಗಳ ಕಥೆ. 1992ರಲ್ಲಿ ಸಂಸತ್ತು ಇಂಥ ಪುಡಿ ಮತ್ತು ಹಾಲಿನ ಸೀಸೆಗಳ ಜಾಹೀರಾತನ್ನೇ ನಿಷೇಧಿಸಿತು.

ಇನ್ನು ಇವತ್ತಿಗೆ ಬರೋಣ. ಕೋಲಾರದಿಂದ ಬೆಂಗಳೂರಿಗೆ ಹೋಗೋ ಹೆದ್ದಾರಿಯಲ್ಲಿ ನರಸಾಪುರ, ಇನ್ನೊಂದು ಕಡೆ ವೇಮಗಲ್, ಎರಡೂ ಕೈಗಾರಿಕಾ ಪ್ರದೇಶ. ಫೋನು, ಸ್ಕೂಟರು, ಬಿಡಿಭಾಗ ತಯಾರಾಗುತ್ತವೆ. ನಮ್ಮ ಕಡೆ ಹುಡುಗಿಯರು ನಸುಕಿನಲ್ಲಿ ಕಂಪನಿ ಬಸ್ಸು ಹತ್ತುತಾರೆ. ಮುಳಬಾಗಿಲಿನಿಂದ ಕೋಲಾರವೇ 30 ಕಿಲೋಮೀಟರ್ ಆಸುಪಾಸು, ಕಾರ್ಖಾನೆ ಅದರಾಚೆ. ನಮ್ಮ ಸಂಬಂಧದಲ್ಲೇ ಒಬ್ಬಳು ಹುಡುಗಿ, ನನ್ನನ್ನ ದೊಡ್ಡಮ್ಮ ಅಂತಾಳೆ, ರಜೆ ಮುಗಿಯೋ ಮುಂಚೆ ಫೋನ್ ಮಾಡಿ ಕೇಳಿದ್ಳು: "ದೊಡ್ಡಮ್ಮ, ಕೈಯಲ್ಲಿ ಒತ್ತೋದು ಸಾಕಾ, ಕರೆಂಟಿಂದು ಬೇಕಾ?" ನಾನು ತಿರುಗಿ ಕೇಳಿದ್ದು, "ನಿಂಗೆ ಕೂತ್ಕೊಳ್ಳೋಕೆ ಜಾಗ ಎಲ್ಲಿದೆ, ಎಷ್ಟು ಹೊತ್ತು ಬಿಡ್ತಾರೆ?" ಅಂತ. ಅವಳಿಗೆ ಗೊತ್ತಿರಲಿಲ್ಲ. ಕೇಳೋಕೂ ಸಂಕೋಚ, ಸೂಪರ್‌ವೈಸರ್ ಗಂಡಸು.

2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ರಜೆ 26 ವಾರ. ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲ್ಲ, ಲೆಕ್ಕ ಸರಿಹೋಯ್ತು ಅನ್ನಿಸುತ್ತೆ. ಆದರೆ ಈ 26ರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತಗೊಳ್ಳಬಹುದು. ತಗೊಂಡವಳಿಗೆ ಹೆರಿಗೆ ನಂತರ ಉಳಿಯೋದು 18 ವಾರ, ಹತ್ತಿರ ಹತ್ತಿರ ನಾಲ್ಕು ತಿಂಗಳು. ಉಳಿದ ಎರಡು ತಿಂಗಳಿಗೆ ಯಾರು ಹೊಣೆ? 50 ಅಥವಾ ಹೆಚ್ಚು ನೌಕರರಿರೋ ಕಡೆ ಶಿಶುವಿಹಾರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು, ಇದೂ ಅದೇ ತಿದ್ದುಪಡಿಯದು. ಈಗ ಜಾರಿಗೆ ಬಂದಿರೋ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದು, ಎರಡು ಬಿಡುವು, 15 ತಿಂಗಳ ಮಾತು, ಎಲ್ಲ ಇದೆ. ಚೆನ್ನಾಗಿದೆ. ಆದರೆ ನಾಲ್ಕು ತಿಂಗಳ ಕೂಸನ್ನ ನಸುಕಿನ ಬಸ್ಸಿನಲ್ಲಿ ಗಂಟೆಗಟ್ಟಲೆ ಕುಲುಕಿಸಿಕೊಂಡು ಯಾರು ತರ್ತಾರೆ? ಮಗು ಬೈರಕೂರಿನಲ್ಲಿ ಅಜ್ಜಿ ಹತ್ತಿರ. ನಾಲ್ಕು ಸಲ ನೋಡೋ ಹಕ್ಕು ಕಾಗದದ ಮೇಲೆ. ಸಾಲದು ಅಂತ ರಾಜ್ಯದ 2023ರ ಕಾರ್ಖಾನೆ ತಿದ್ದುಪಡಿ, ವಾರಕ್ಕೆ 48 ಗಂಟೆ ಮಿತಿ ಇಟ್ಟು, ದಿನಕ್ಕೆ 12 ಗಂಟೆ ಪಾಳಿಗೂ ದಾರಿ ಮಾಡಿತು.

ಅಮೆರಿಕ ರಜೆಯಲ್ಲಿ ಹಿಂದೆ, ಈ ಒಂದು ವಿಷಯದಲ್ಲಿ ಮುಂದೆ. ಅಲ್ಲಿ 2010ರ ಕಾನೂನು, ಮತ್ತೆ 2022ರ ಪಂಪ್ ಕಾಯಿದೆ, ಹಾಲು ತೆಗೆಯೋಕೆ ಸಮಯ ಕೊಡಿ, ಮರೆಯಾದ ಜಾಗ ಕೊಡಿ, ಅದು ಶೌಚಾಲಯ ಆಗಿರಬಾರದು ಅಂತ ಬಿಡಿಸಿ ಹೇಳುತ್ತೆ. ನಮ್ಮ ಕಾನೂನಿಗೆ ಹಾಲುಣಿಸೋದು ಗೊತ್ತು, ಹಾಲು ತೆಗೆದಿಡೋದು ಗೊತ್ತಿಲ್ಲ.

ಈಗ ಆಯ್ಕೆ ಮಾತು. ಕೂಸು ಕುಡಿಯೋ ಹಾಗೇ ಸುಮಾರು ಮೂರು ಗಂಟೆಗೊಮ್ಮೆ ಹಾಲು ತೆಗೀಬೇಕು, ಇಲ್ಲಾಂದ್ರೆ ಎದೆ ಕಟ್ಟಿಕೊಂಡು ನೋವು, ಜ್ವರ, ಕ್ರಮೇಣ ಹಾಲೇ ಕಡಿಮೆ. ಒಂದು ಕಡೆಯಿಂದ ತೆಗೆಯೋ ಪಂಪಿನಲ್ಲಿ ಎರಡೂ ಕಡೆ ಮುಗಿಸೋಕೆ ಅರ್ಧ ಗಂಟೆ ಬೇಕು. ಎರಡೂ ಕಡೆ ಒಟ್ಟಿಗೆ ತೆಗೆಯೋ ಡಬಲ್ ಎಲೆಕ್ಟ್ರಿಕ್‌ನಲ್ಲಿ 15ರಿಂದ 20 ನಿಮಿಷ. ಹಳೇ ನಿಯಮದ 15 ನಿಮಿಷಕ್ಕೆ ಹತ್ತಿರ ಬರೋದು ಇದೊಂದೇ, ಅದೂ ತೊಳೆಯೋದು, ಜೋಡಿಸೋದು ಬಿಟ್ಟು. ಹಾಗಾಗಿ ಪಾಳಿ ಕೆಲಸದವಳಿಗೆ ನಾನು ಹೇಳೋದು ಬ್ಯಾಟರಿಯ ಡಬಲ್ ಪಂಪ್. ಹಾಲು ಮೋಟಾರಿನ ಕೊಳವೆಗೆ ನುಗ್ಗದ, ಮುಚ್ಚಿದ ವ್ಯವಸ್ಥೆಯದೇ ಆಗಲಿ, ಇಲ್ಲಾಂದ್ರೆ ಒಳಗೆ ಬೂಷ್ಟು ಹಿಡಿದರೆ ತೊಳೆಯೋಕಾಗಲ್ಲ. ಇದೇ ಕಾರಣಕ್ಕೆ ಯಾರೋ ಬಳಸಿದ ಪಂಪನ್ನ ಕಡಿಮೆಗೆ ಸಿಕ್ತು ಅಂತ ತರಬೇಡಿ. ಎದೆ ಮೇಲೆ ಕೂರೋ ಬಟ್ಟಲಿನ ಅಳತೆ ಬಹಳ ಮುಖ್ಯ. ಡಬ್ಬಿಯಲ್ಲಿ ಸಾಮಾನ್ಯವಾಗಿ 24 ಮಿಲಿಮೀಟರಿನದು ಬರುತ್ತೆ, ಎಲ್ಲರಿಗೂ ಅದು ಹೊಂದಲ್ಲ. ನೋವಾದ್ರೆ ಅಳತೆ ತಪ್ಪು ಅಥವಾ ಒತ್ತಡ ಜಾಸ್ತಿ ಅಂತ ಅರ್ಥ, ಸಹಿಸಿಕೊಳ್ಳೋದಲ್ಲ. ಬೆಂಗಳೂರಿನ ವಾಣಿವಿಲಾಸದಂಥ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ನಡೆಸೋರು ಇದನ್ನ ಚೆನ್ನಾಗಿ ಹೇಳಿಕೊಡಬಲ್ಲರು. ಅದು 2022ರಲ್ಲಿ ಶುರುವಾಯ್ತು. ಇನ್ನು ಕೈಯಿಂದ ಹಿಂಡೋದನ್ನ ಆಸ್ಪತ್ರೆ ಬಿಡೋ ಮುಂಚೆ ನರ್ಸ್ ಹತ್ತಿರ ಕಲಿತುಬಿಡಿ. ಕಾಸಿಲ್ಲ, ಚಾರ್ಜಿಲ್ಲ, ಪಂಪು ಕೈಕೊಟ್ಟ ದಿನ ಅದೇ ಗತಿ.

ತೆಗೆದ ಹಾಲು 25 ಡಿಗ್ರಿ ಒಳಗಿನ ಕೋಣೆಯಲ್ಲಿ 4 ಗಂಟೆ, ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ 24 ಗಂಟೆ, ಫ್ರಿಜ್ಜಿನಲ್ಲಿ 4 ದಿನ, ಇದು ಅಮೆರಿಕದ ಸಿಡಿಸಿ ಲೆಕ್ಕ. ಏಪ್ರಿಲಿನ ಮುಳಬಾಗಿಲಿನಲ್ಲಿ 25 ಡಿಗ್ರಿ ಕೋಣೆ ಎಲ್ಲಿ ಬರಬೇಕು? ಹಾಗಾಗಿ ಪಂಪಿನ ಬೆಲೆಯಲ್ಲಿ ಸ್ವಲ್ಪ ಉಳಿಸಿಯಾದರೂ ಒಳ್ಳೆ ತಂಪು ಚೀಲ ತಗೊಳ್ಳಿ. ಮನೆಯಲ್ಲಿ ಹಾಲನ್ನ ಒಲೆ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡಬೇಕು. ಪಂಪಿನ ಜೊತೆ ಬಂದ ಸೀಸೆಯಲ್ಲೇ ಕುಡಿಸಬೇಕು ಅಂತ ಏನಿಲ್ಲ. ಸೀಸೆಯ ತೊಟ್ಟಿಗೆ ಒಗ್ಗಿದ ಕೆಲವು ಕೂಸುಗಳು ರಾತ್ರಿ ತಾಯಿ ಬಂದಾಗ ಎದೆ ಹಿಡಿಯಲ್ಲ. ಅಜ್ಜಿ ಅಟ್ಟದಿಂದ ಒಳಲೆ ಇಳಿಸಿ, ಕುದಿಯೋ ನೀರಿನಲ್ಲಿ ಹಾಕಿ ತೆಗೆದರೆ ಸಾಕು.

ಕೆಲಸಕ್ಕೆ ಮರಳೋ ಎರಡು ವಾರ ಮೊದಲೇ ಎಚ್‌ಆರ್‌ಗೆ ಒಂದು ಅರ್ಜಿ ಬರೆಯಿರಿ. ಕನ್ನಡದಲ್ಲೇ ಬರೆಯಬಹುದು. ಮಗು ಹುಟ್ಟಿದ ದಿನಾಂಕ, 15 ತಿಂಗಳಾಗೋ ದಿನಾಂಕ, ದಿನಕ್ಕೆ ಎರಡು ಹಾಲುಣಿಸೋ ಬಿಡುವು, ಬಾಗಿಲಿಗೆ ಚಿಲಕ ಇರೋ ಕೋಣೆ, ಒಂದು ಪ್ಲಗ್ ಪಾಯಿಂಟ್. ಸಾಧ್ಯವಾದ್ರೆ ಅದೇ ಬಸ್ಸಿನ ಇನ್ನಿಬ್ಬರು ತಾಯಂದಿರ ಸಹಿ ಸೇರಿಸಿ, ಸ್ವೀಕೃತಿಯ ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.